ಪಟದ ಹಿಂಬದಿ

ನನ್ನ ಬಾಲ್ಯದಲ್ಲಿ ಧಾರವಾಡದ ಸೀಮೆಯವರಿಗೆ ತಮ್ಮ ಮನೆತನದ ಪೂರ್ವಾಪರವನ್ನರಿಯಲು ಆಧಾರಗಳು ಇರಲಿಲ್ಲವೆಂದಲ್ಲ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ ಬಂದು, ಕಾಳುಕಡಿಯನ್ನು ಪಡೆದು, ಮೂಲಪುರುಷನಿಂದ ಮೊದಲುಗೊಂಡು ತಲೆಮಾರುಗಳನ್ನು ತಡವರಿಸದೆ ಹೊಗಳುತ್ತಿದ್ದ ಹೆಳವನು ಒಕ್ಕಲು ಮನೆಗಳಿಗಿದ್ದನು. ತೀರ್ಥಯಾತ್ರೆ ಮಾಡಿದವರಿಗೆ ನಾಸಿಕ, ಗಯೆಗಳ ಪುರೋಹಿತರ ವಹಿಗಳಿದ್ದವು. ಆದರೆ ಇವೆರಡರಲ್ಲಿಯೂ ಇದ್ದುದು ಬಹುಮಟ್ಟಿಗೆ ಗಂಡಸರ ನಾಮಾವಳಿ. ಪಡಸಾಲೆಯ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಲ್ಲಿ ಮಾತ್ರ ಹೆಂಗಸರೂ ಇದ್ದರು, ಹೆಸರಿಲ್ಲದೆ.

ಆ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಬರೆಯಬಲ್ಲವರಿಗೆಲ್ಲ ಅವು ಗೊತ್ತಿದ್ದವು. ನಾವು ಕೇಳಿದರೆ ಸೋದರತ್ತೆಯವರು, “ಮಾರಿ ಏನ್ ನೋಡ್ತೀಯೋ ತಮ್ಮಾ, ಕುಂತದ್ದು ನೋಡು” ಎನ್ನುತ್ತಿದ್ದರು. ಕುರ್ಚಿಯಲ್ಲಿ ಯಾರು, ಅದರ ಹಿಂದೆ ಯಾರು, ಜಮಖಾನೆಯ ಮೇಲೆ ಯಾರು ಎಂಬುದರಿಂದಲೇ ಅವರು ಹಿರಿಯ ಸೊಸೆಯನ್ನೂ ಬಾಣಂತನಕ್ಕೆ ಬಂದ ಮಗಳನ್ನೂ ಬೇರ್ಪಡಿಸಬಲ್ಲವರಾಗಿದ್ದರು. ನತ್ತನ್ನು ನಂಬುವಂತಿರಲಿಲ್ಲ, ಅತ್ತೆಯದು ಸೊಸೆಗೆ ಇಳಿಯುತ್ತಿದ್ದುದರಿಂದ ಅದು ಮನೆಯನ್ನು ಹೇಳುತ್ತಿತ್ತೇ ಹೊರತು ಧರಿಸಿದವಳನ್ನಲ್ಲ. ಕೋಟನ್ನಂತೂ ಸ್ಟುಡಿಯೋದವರೇ ಕಡ ಕೊಡುತ್ತಿದ್ದರಾಗಿ ಊರಿನ ಅಳಿಯಂದಿರಲ್ಲಿ ಎಷ್ಟೋ ಮಂದಿ ಒಂದೇ ಕೋಟಿನಲ್ಲಿ ಕಾಣಿಸಿಕೊಂಡಿದ್ದಾರೆ. ಕುಂಕುಮವಾದರೋ, ಕೆಂಪನ್ನು ಗ್ರಹಿಸಲಾರದ ಅಂದಿನ ಗಾಜಿನ ಫಲಕಗಳಲ್ಲಿ ಕಾಡಿಗೆಯಂತೆ ಕಪ್ಪಾಗಿ ಮೂಡುತ್ತಿತ್ತು. ಒಂದು ಚಿತ್ರದಲ್ಲಿ ಅದಿದ್ದು ಮತ್ತೊಂದರಲ್ಲಿ ಹಣೆ ಬರಿದಾಗಿದ್ದರೆ, ಯಜಮಾನನು ತೀರಿಕೊಂಡ ವರ್ಷವು ಆ ಎರಡರ ನಡುವೆ ಎಲ್ಲಿಯೋ ಇದೆಯೆಂದು ಊಹಿಸಬಹುದಾಗಿತ್ತು.

ಹೆಸರಿನ ತೊಡಕು ಇದಕ್ಕಿಂತಲೂ ಗಹನವಾದುದು. ಗಂಡನ ಹೆಸರನ್ನು ಉಚ್ಚರಿಸದ ಮುತ್ತೈದೆಯರು “ನಮ್ಮ ಮನಿಯವರು” ಎಂದು ಬೆರಳಿಟ್ಟು ಸುಮ್ಮನಾಗುತ್ತಿದ್ದರು. ಅವರಿಗಾದರೂ ಹೆಸರು ಒಂದೇ ಇರಲಿಲ್ಲ. ಲಗ್ನದ ದಿನ ವರನು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದ ಹೊಸ ಹೆಸರೇ ಅಲ್ಲಿಂದ ಮುಂದೆ ನಡೆಯುತ್ತಿದ್ದ ಮನೆತನಗಳಲ್ಲಿ, ತವರಿನ ಚಿತ್ರದ ಹುಡುಗಿಯೂ ಅತ್ತೆಮನೆಯ ಚಿತ್ರದ ಗೃಹಿಣಿಯೂ ಬೇರೆಬೇರೆಯವರೆಂದು ಎಣಿಸಲ್ಪಟ್ಟು, ಎರಡೂ ಕಡೆಯ ವಂಶವೃಕ್ಷಗಳಿಂದ ಜಾರಿಹೋದವರು ಅನೇಕರು.

ಸ್ಟುಡಿಯೋಗಳ ದಫ್ತರದಲ್ಲಿ ಉತ್ತರ ದೊರಕಬಹುದಾಗಿತ್ತು. ಚಿತ್ರವನ್ನು ಅಂಟಿಸಿದ ರಟ್ಟಿನ ಹಿಂಬದಿಯಲ್ಲಿ ಒಂದು ಅಂಕಿ ಇರುತ್ತಿತ್ತು. ಅದೇ ಅಂಕಿಯ ಗಾಜಿನ ನೆಗೆಟಿವು ಮರದ ಗೂಡಿನಲ್ಲಿಯೂ, ಹಣ ತೆತ್ತವರ ಹೆಸರು ಖಾತೆಯ ಪುಸ್ತಕದಲ್ಲಿಯೂ ಇರುತ್ತಿದ್ದವು. ಫಿಲ್ಮು ಬಂದು ಗಾಜು ನಿರುಪಯುಕ್ತವಾದ ಮೇಲೆ, ಬಿಸಿನೀರಿನಲ್ಲಿ ಆ ಫಲಕಗಳ ಲೇಪವನ್ನು ಕೆರೆದು ತೆಗೆದು ಕಟ್ಟು ಹಾಕುವ ಅಂಗಡಿಗೆ ಮಾರಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಒಂದು ಮನೆಯವರ ಮುಖಗಳನ್ನು ತೊಳೆದ ಗಾಜು ಇನ್ನೊಂದು ಮನೆಯವರ ಮುಖಗಳಿಗೆ ಮುಚ್ಚಳವಾಯಿತು. ಕಟ್ಟು ಹಾಕುವವನಾದರೋ ಹಿಂಬದಿಗೆ ಮೈದಾ ಅಂಟಿನಿಂದ ಕಾಗದ ಮೆತ್ತಿ, ಅಂಕಿಯನ್ನೂ ಮರೆಮಾಡಿದನು.

ಈಗ ಪುಣೆಯಿಂದಲೂ ಅಮೆರಿಕದಿಂದಲೂ ಬರುವ ತರುಣರು ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಿ ತೋರುತ್ತಾರೆ. ಮುಖಗಳನ್ನು ಹೋಲಿಸುವ ಯಂತ್ರವೂ ಅವರಲ್ಲಿದೆ. ಅಕ್ಕತಂಗಿಯರನ್ನು ಒಬ್ಬಳೇ ಎಂದು ತೀರ್ಮಾನಿಸುವ ಅದರ ಜಾಣತನದಲ್ಲಿ ನನಗೆ ಅಷ್ಟಾಗಿ ವಿಶ್ವಾಸವಿಲ್ಲ, ಆದರೆ ಹಿಗ್ಗಿಸುವ ಸೌಕರ್ಯವನ್ನು ನಾನು ಹಳಿಯಲಾರೆ. ಅವರೆಲ್ಲರೂ ಚಿತ್ರದ ಹೆಂಗಸಿನ ಗಂಡನ ಕಡೆಯ ವಂಶಾವಳಿಯನ್ನು ಹಿಡಿದೇ ಬರುತ್ತಾರೆ. ನಾನು ಆಕೆಯ ತವರು ಯಾವ ಊರೆಂದು ಕೇಳಿ, ಅಲ್ಲಿಯ ಪಟಗಳ ಹಿಂದಿನ ಕಾಗದವನ್ನು ನೆನೆಸಿ ಬಿಡಿಸಿ ನೋಡಿರೆಂದು ಹೇಳಿ ಕಳುಹಿಸುತ್ತೇನೆ.