ಉಸಿರಿನ ಲೆಕ್ಕ

ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಮೊದಲನೆಯವರು ಕಾರನ್ನು ಕೊಂಡ ದಿನ ಮುಂಭಾಗದ ಮುಚ್ಚಳವನ್ನು ಒಮ್ಮೆ ಎತ್ತಿ, ಒಳಗಿರುವುದನ್ನು ಗರ್ಭಗುಡಿಯ ಮೂರ್ತಿಯಂತೆ ದೂರದಿಂದಲೇ ನೋಡಿ, ಭಯಭಕ್ತಿಯಿಂದ ಮುಚ್ಚಿಬಿಡುತ್ತಾರೆ. ಆಮೇಲೆ ಅದರ ಗೊಡವೆಗೆ ಹೋಗುವವರಲ್ಲ. ಎರಡನೆಯವರು ಅದೇ ದಿನ ಸಂಜೆ ತೋಳು ಮಡಿಚಿ ನಿಲ್ಲುತ್ತಾರೆ. ಕಾರ್ಖಾನೆಯವರು ಇಷ್ಟು ಶಕ್ತಿಯನ್ನು ಕೊಟ್ಟಿದ್ದಾರಲ್ಲ, ಕೊಡದೆ ಉಳಿಸಿಕೊಂಡದ್ದು ಎಷ್ಟಿರಬಹುದು ಎಂಬುದೇ ಅವರ ಚಿಂತೆ. ರವಿಕೆಯ ಬಟ್ಟೆಯಲ್ಲಿ ದರ್ಜಿ ಎಷ್ಟು ತುಂಡನ್ನು ಉಳಿಸಿಕೊಂಡನೆಂದು ಶಂಕಿಸುವ ಗೃಹಿಣಿಯ ಮನಸ್ಸಿಗೂ ಇವರ ಮನಸ್ಸಿಗೂ ಹೆಚ್ಚಿನ ಅಂತರವಿಲ್ಲ. ಶಂಕೆ ಸಂಪೂರ್ಣ ನಿರಾಧಾರವೂ ಅಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ.

ಈ ಎರಡನೆಯ ಪಂಗಡದವರ ಪರಮಪ್ರಿಯ ವಾಹನ ದೊಡ್ಡ ಪಂದ್ಯದ ಕಾರೇನೂ ಅಲ್ಲ. ಹಿಂಬದಿಯಲ್ಲಿ ಮೇಲಕ್ಕೆತ್ತುವ ಬಾಗಿಲುಳ್ಳ, ತರಕಾರಿಯ ಚೀಲವನ್ನೂ ಮಕ್ಕಳ ತಳ್ಳುಗಾಡಿಯನ್ನೂ ನುಂಗಬಲ್ಲ ಸಣ್ಣ ಸಂಸಾರದ ಕಾರು. ಅಂಥ ಕಾರಿಗೆ ತುಸು ಹೆಚ್ಚು ಶಕ್ತಿಯುಳ್ಳ ಎಂಜಿನ್ ಕೂರಿಸಿದಾಗ ಅದು ‘ಹಾಟ್ ಹ್ಯಾಚ್’ ಎನಿಸಿಕೊಂಡಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿ, 1976ರಲ್ಲಿ ಮಾರಾಟಕ್ಕೆ ತಂದ ಗಾಲ್ಫ್ ಜಿಟಿಐ ಈ ಕುಲದ ಮೂಲಪುರುಷರಲ್ಲಿ ಪ್ರಮುಖವಾದುದು. 1588 ಘನ ಸೆಂಟಿಮೀಟರಿನ ಎಂಜಿನ್, 110 ಅಶ್ವಶಕ್ತಿ. ಐದು ಸಾವಿರ ಕಾರುಗಳನ್ನು ಮಾರಿದರೆ ಸಾಕೆಂದು ತಯಾರಕರು ಎಣಿಸಿದ್ದರು. ಮೊದಲ ಪೀಳಿಗೆಯೊಂದರಲ್ಲೇ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ಫ್ರಾನ್ಸಿನ ಪೂಜೋ 205 ಜಿಟಿಐ 1984ರಲ್ಲಿ ಬಂದಿತು. ಸಂಸಾರಸ್ಥನಿಗೂ ಒಳಗೊಳಗೇ ಒಬ್ಬ ಕುದುರೆ ಸವಾರನಿರುತ್ತಾನೆಂಬ ಗುಟ್ಟು ಆ ಹೊತ್ತಿಗೆ ಯೂರೋಪಿನ ವ್ಯಾಪಾರಿಗಳಿಗೆಲ್ಲ ತಿಳಿದುಹೋಗಿತ್ತು.

ಈ ಎಂಜಿನ್ನುಗಳ ವಿಶೇಷವೆಂದರೆ ಇವು ಸಹಜವಾಗಿ ಉಸಿರಾಡುವಂಥವು. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಯಂತ್ರ ಇವಕ್ಕಿಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕಡಮೆಯಾಗುತ್ತದೆ. ಹೊರಗಿನ ವಾತಾವರಣ ತನ್ನ ಭಾರದಿಂದಲೇ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಆ ಭಾರವಾದರೋ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ. ಪ್ರಕೃತಿ ಕೊಡುವ ಭಿಕ್ಷೆ ಅಷ್ಟೇ; ಬೇಡಿದರೂ ಹೆಚ್ಚು ದೊರೆಯದು. ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು ಹದಿನೈದು ತೂಕ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಹಾಗೆ ಸುರಿಯಲಾಗದು. ಆದ್ದರಿಂದ ಶಕ್ತಿಯ ಲೆಕ್ಕವೆಂದರೆ ಕೊನೆಗೂ ಉಸಿರಿನ ಲೆಕ್ಕವೇ.

ಆ ಉಸಿರಿನ ಪ್ರಮಾಣವೇನು ಸಾಮಾನ್ಯವೇ? ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ 1.6 ಲೀಟರಿನ ಎಂಜಿನ್, ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬಿಸಿಕೊಂಡರೆ, ನಿಮಿಷಕ್ಕೆ 4800 ಲೀಟರು ಗಾಳಿಯನ್ನು ಸೇವಿಸುತ್ತದೆ. ಸುಮ್ಮನೆ ಕುಳಿತ ಮನುಷ್ಯನೊಬ್ಬ ಅಷ್ಟೇ ಹೊತ್ತಿನಲ್ಲಿ ಉಸಿರಾಡುವುದು ಆರರಿಂದ ಎಂಟು ಲೀಟರು. ಎಂದರೆ, ಚಿತ್ರಮಂದಿರದಲ್ಲಿ ಕುಳಿತ ಆರೇಳುನೂರು ಮಂದಿಯ ಉಸಿರನ್ನು ಈ ಪುಟ್ಟ ಕಬ್ಬಿಣದ ಪೆಟ್ಟಿಗೆಯೊಂದೇ ಎಳೆದುಕೊಳ್ಳುತ್ತದೆ. ಅದಕ್ಕೆ ದೊರೆಯುವ ಕಾಲಾವಕಾಶವೂ ವಿಚಿತ್ರವೇ: ಒಂದೊಂದು ಸಲ ಉಸಿರೆಳೆಯಲು ಪಿಸ್ಟನ್ನಿಗೆ ಸಿಕ್ಕುವುದು ಸೆಕೆಂಡಿನ ಇನ್ನೂರರ ಒಂದು ಭಾಗ.

ಗಾಳಿಯ ಭಾರವನ್ನೇ ನಂಬಿದ ಎಂಜಿನ್ನಿಗೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಕಡಲ ತಡಿಯ ಮಂಗಳೂರಿನಲ್ಲಿ ನೂರು ಅಶ್ವಶಕ್ತಿ ಕೊಡುವ ಎಂಜಿನ್, ಘಟ್ಟ ಹತ್ತಿ ಸುಮಾರು 900 ಮೀಟರು ಎತ್ತರದ ಬೆಂಗಳೂರಿಗೆ ಬಂದರೆ ತೊಂಬತ್ತರ ಆಸುಪಾಸಿಗೆ ಇಳಿಯುತ್ತದೆ. ಹತ್ತು ಕುದುರೆಗಳು ದಾರಿಯಲ್ಲಿ ಎಲ್ಲಿಯೋ ತಪ್ಪಿಸಿಕೊಂಡವೆಂದು ಮಾಲೀಕ ಮೆಕ್ಯಾನಿಕನನ್ನು ಬೈಯಬೇಕಾಗಿಲ್ಲ. ಅವನ್ನು ಕದ್ದದ್ದು ತೆಳುವಾದ ಗಾಳಿ.

ಹೀಗಿರುವಾಗ ಹೆಚ್ಚಿನ ಶಕ್ತಿಯನ್ನು ಪಡೆಯುವ ಬಗೆ ಹೇಗೆ? ಉತ್ತರವನ್ನು ಹುಡುಕಿದವರ ಕಥೆ ಇಂಗ್ಲೆಂಡಿನ ಮಿನಿ ಕಾರಿನಿಂದ ಮೊದಲಾಗುತ್ತದೆ. ಅಲೆಕ್ ಇಸಿಗೊನಿಸ್ ರೂಪಿಸಿದ ಈ ಕಾರು 1959ರಲ್ಲಿ ಬಂದಾಗ ಅದರ 848 ಘನ ಸೆಂಟಿಮೀಟರಿನ ಎಂಜಿನ್ ಕೊಡುತ್ತಿದ್ದುದು ಕೇವಲ 34 ಅಶ್ವಶಕ್ತಿ. ಆ ಎಂಜಿನ್ನಿಗೆ ಒಂದು ಜನ್ಮದೋಷವಿತ್ತು: ನಾಲ್ಕು ಸಿಲಿಂಡರುಗಳಿದ್ದರೂ ಗಾಳಿಯ ಪ್ರವೇಶದ್ವಾರಗಳು ಎರಡೇ. ಒಂದೇ ನಲ್ಲಿಗೆ ಎರಡೆರಡು ಮನೆಯವರು ಬಿಂದಿಗೆ ಹಿಡಿದಂತೆ, ಎರಡೆರಡು ಸಿಲಿಂಡರುಗಳು ಒಂದೊಂದು ದ್ವಾರವನ್ನು ಹಂಚಿಕೊಳ್ಳಬೇಕಾಗಿತ್ತು. ಆದರೂ 1961ರಲ್ಲಿ ಜಾನ್ ಕೂಪರ್ ಅವರ ಹೆಸರನ್ನು ಹೊತ್ತ ಮಿನಿ ಕೂಪರ್ 997 ಘನ ಸೆಂಟಿಮೀಟರು, ಎರಡು ಕಾರ್ಬ್ಯುರೇಟರು, 55 ಅಶ್ವಶಕ್ತಿಯೊಡನೆ ಹೊರಬಿದ್ದಿತು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೋ ರ್‍ಯಾಲಿಯನ್ನು ಇದರ ಬಂಧುಗಳೇ ಗೆದ್ದವು. ವಿಲ್ಟ್‌ಷರ್ ಪ್ರಾಂತದ ಡೌನ್‌ಟನ್ ಎಂಬ ಹಳ್ಳಿಯಲ್ಲಿ ಡೇನಿಯಲ್ ರಿಚ್ಮಂಡ್ ಎಂಬಾತ ಈ ಎಂಜಿನ್ನಿನ ತಲೆಯನ್ನು ಬಿಚ್ಚಿ, ಗಾಳಿಯ ಹಾದಿಯನ್ನು ತಿದ್ದಿ ತೀಡಿ ಕಳುಹಿಸಿದರೆ, ಅದೇ ಕಾರು ಬೇರೆಯೇ ಕಾರಾಗಿ ಹಿಂದಿರುಗುತ್ತಿತ್ತೆಂದು ಹೆಸರುವಾಸಿಯಾಗಿತ್ತು. ಆತ ಹೊಸದಾಗಿ ಸೇರಿಸಿದ್ದಕ್ಕಿಂತ ಕೆರೆದು ತೆಗೆದದ್ದರ ಮಹಿಮೆಯೇ ಹೆಚ್ಚು.

ಈ ಕೆರೆಯುವ ಕೆಲಸ ನೋಡಲು ಸುಲಭ. ದ್ವಾರ ದೊಡ್ಡದಾದಷ್ಟೂ ಗಾಳಿ ಹೆಚ್ಚು ಬರಬೇಕಷ್ಟೆ ಎಂದು ಹೊಸಬರು ಭಾವಿಸುತ್ತಾರೆ. ನಿಜಸ್ಥಿತಿ ಹಾಗಿಲ್ಲ. ಹಾದಿ ಅತಿಯಾಗಿ ಅಗಲವಾದರೆ ಗಾಳಿಯ ವೇಗ ಕುಂದುತ್ತದೆ. ವೇಗ ಕುಂದಿದ ಗಾಳಿ ಸಿಲಿಂಡರನ್ನು ತುಂಬದೆ ಸೋಮಾರಿಯಾಗಿ ಬಾಗಿಲಲ್ಲೇ ನಿಲ್ಲುತ್ತದೆ. ಕನ್ನಡಿಯಂತೆ ಹೊಳೆಯುವ ಮೆರುಗಿಗಿಂತ ಕವಾಟದ ಪೀಠದ ಬಳಿಯ ಒಂದೆರಡು ಮಿಲಿಮೀಟರಿನ ಆಕಾರವೇ ಹೆಚ್ಚು ಮುಖ್ಯ. ಮೇಲಾಗಿ ಲೋಹದ ಆಚೆಗೆ, ಬೆರಳಗಲಕ್ಕೂ ಕಡಮೆ ದೂರದಲ್ಲಿ, ತಂಪುನೀರಿನ ಕಾಲುವೆ ಇರುತ್ತದೆ. ಕೈ ಒಮ್ಮೆ ಅತಿಯಾಗಿ ಸಾಗಿತೋ, ಕೊರೆದದ್ದನ್ನು ಮತ್ತೆ ತುಂಬುವುದು ಸುಲಭವಲ್ಲ.

ಆಮೇಲೆ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡದ ಸರದಿ. ವೇಗವಾಗಿ ಹರಿಯುವ ಗಾಳಿಗೂ ಒಂದು ಓಟದ ಜಡತ್ವವುಂಟು. ಕವಾಟವನ್ನು ಸ್ವಲ್ಪ ತಡವಾಗಿ ಮುಚ್ಚಿದರೆ, ಪಿಸ್ಟನ್ ಮೇಲಕ್ಕೆ ತಿರುಗಿದ ಮೇಲೂ ಗಾಳಿ ನುಗ್ಗುತ್ತಲೇ ಇರುತ್ತದೆ. ಏಳು ಸಾವಿರ ಸುತ್ತಿನಲ್ಲಿ ಇದು ವರ. ಆದರೆ ಅದೇ ಏರ್ಪಾಡು ಎಂಟುನೂರು ಸುತ್ತಿನಲ್ಲಿ ಶಾಪ: ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತದೆ, ಎಂಜಿನ್ ಕೆಮ್ಮುತ್ತದೆ, ತಡವರಿಸುತ್ತದೆ. ಪಂದ್ಯದ ಮೈದಾನದಲ್ಲಿ ಸಿಂಹದಂತೆ ಗರ್ಜಿಸುವ ಕಾರು ಮಾರುಕಟ್ಟೆಯ ಬೀದಿಯಲ್ಲಿ ದಮ್ಮು ಹಿಡಿದ ಮುದುಕನಂತಾಗುವುದು ಹೀಗೆ. ಸಹಜ ಉಸಿರಿನ ಎಂಜಿನ್ನಿನಲ್ಲಿ ಪುಕ್ಕಟೆಯಾಗಿ ದೊರೆಯುವುದು ಅತ್ಯಲ್ಪ. ಮೇಲೆ ಪಡೆದುದಕ್ಕೆ ಕೆಳಗೆ ಬೆಲೆ ತೆರಬೇಕು.

ಗಾಳಿಯ ಕೊಳವೆಗಳ ವಿಷಯವಂತೂ ಸಾಕ್ಷಾತ್ ಸಂಗೀತವೇ. ಕವಾಟ ಮುಚ್ಚಿ ತೆರೆಯುವಾಗ ಕೊಳವೆಯಲ್ಲಿ ಒತ್ತಡದ ಅಲೆಯೊಂದು ಹುಟ್ಟಿ, ಬಾಯಿಯವರೆಗೆ ಹೋಗಿ ಮರಳುತ್ತದೆ. ಕವಾಟ ಮತ್ತೆ ತೆರೆದಿರುವ ಕ್ಷಣಕ್ಕೆ ಸರಿಯಾಗಿ ಅಲೆ ಬಂದು ಮುಟ್ಟಿದರೆ ಒಂದು ತುತ್ತು ಗಾಳಿ ಹೆಚ್ಚಾಗಿ ಒಳಸೇರುತ್ತದೆ. ಕೊಳಲು ಗಿಡ್ಡವಾದಷ್ಟೂ ಸ್ವರ ಏರುವಂತೆ, ಕೊಳವೆ ಗಿಡ್ಡವಾದಷ್ಟೂ ಈ ಲಾಭ ಹೆಚ್ಚಿನ ಸುತ್ತುಗಳಲ್ಲಿ ದೊರೆಯುತ್ತದೆ. ಹೊಗೆಯ ಕೊಳವೆಗಳಿಗೂ ಇದೇ ನ್ಯಾಯ. ಈ ವಿದ್ಯೆಗೆ ಇಂಗ್ಲಿಷರು ‘ಟ್ಯೂನಿಂಗ್’ ಎಂದು ಹೆಸರಿಟ್ಟದ್ದು ಬರಿಯ ಅಲಂಕಾರವಲ್ಲ. ಅದು ಶ್ರುತಿ ಮಾಡುವ ಕೆಲಸವೇ ಸರಿ. ತಂಬೂರಿಯ ತಂತಿಯಂತೆ ಇಲ್ಲಿಯೂ ಬಿಗಿ ಹೆಚ್ಚಾದರೆ ಹರಿಯುವ ಭಯವುಂಟು.

ಆ ಭಯಕ್ಕೆ ಗಣಿತದ ಆಧಾರವೂ ಇದೆ. ಸುತ್ತು ಹೆಚ್ಚಿದಂತೆ ಪಿಸ್ಟನ್ನನ್ನೂ ಅದರ ದಂಡವನ್ನೂ ಜಗ್ಗುವ ಬಲ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಆರು ಸಾವಿರ ಸುತ್ತಿನ ಎಂಜಿನ್ನನ್ನು ಏಳೂವರೆ ಸಾವಿರಕ್ಕೆ ಓಡಿಸಿದರೆ ಸುತ್ತು ಹೆಚ್ಚಿದ್ದು ಕಾಲುಭಾಗ. ಜಗ್ಗಾಟ ಹೆಚ್ಚಿದ್ದು ಅರ್ಧಕ್ಕೂ ಮಿಕ್ಕಿ. ಆಸೆ ಒಂದೊಂದೇ ಮೆಟ್ಟಿಲು ಹತ್ತುವಾಗ ಅಪಾಯ ಎರಡೆರಡು ಮೆಟ್ಟಿಲು ಹತ್ತುತ್ತಿರುತ್ತದೆ.

ಮೇಲಿನ ಲಾಭವನ್ನೂ ಕೆಳಗಿನ ಸೌಜನ್ಯವನ್ನೂ ಒಟ್ಟಿಗೆ ಉಳಿಸಿಕೊಂಡವರು ಜಪಾನಿನ ಹೋಂಡಾ ಕಂಪನಿಯವರು. ಒಂದೇ ದಂಡದ ಮೇಲೆ ಎರಡು ಬಗೆಯ ಕ್ಯಾಮುಗಳನ್ನಿಟ್ಟು, ನಿಧಾನಕ್ಕೆ ಒಂದು, ವೇಗಕ್ಕೆ ಇನ್ನೊಂದು ಎಂದು ಅವರು 1989ರಲ್ಲಿ ಏರ್ಪಾಡು ಮಾಡಿದರು. 1997ರ ಸಿವಿಕ್ ಟೈಪ್ ಆರ್ ಕಾರಿನ 1595 ಘನ ಸೆಂಟಿಮೀಟರಿನ ಎಂಜಿನ್ 8200 ಸುತ್ತಿನಲ್ಲಿ 185 ಅಶ್ವಶಕ್ತಿ ಕೊಟ್ಟಿತು. ಮೊದಲ ಮಿನಿಯಲ್ಲಿ ಲೀಟರಿಗೆ 40, ಗಾಲ್ಫಿನಲ್ಲಿ 69, ಈ ಸಿವಿಕ್‌ನಲ್ಲಿ 116. ಮೂವತ್ತೆಂಟು ವರ್ಷಗಳಲ್ಲಿ ವಾತಾವರಣದ ಭಾರ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ; ಉಸಿರಾಡುವ ವಿದ್ಯೆ ಮಾತ್ರ ಸುಮಾರು ಮೂರು ಪಾಲು ಬೆಳೆದಿತ್ತು.

ಆದರೆ ಕಾರ್ಖಾನೆಯೇ ಇಷ್ಟನ್ನೆಲ್ಲ ಮಾಡಿ ಮುಗಿಸಿದ ಮೇಲೆ, ತೋಳು ಮಡಿಚಿ ನಿಂತ ಮಾಲೀಕನಿಗೆ ಉಳಿಯುವುದೇನು? ಇಂಗ್ಲೆಂಡಿನಲ್ಲಿ ಹಳೆಯ 205 ಜಿಟಿಐ ಒಂದನ್ನು ಸಾಕಿಕೊಂಡ ಗೃಹಸ್ಥನೊಬ್ಬನಿದ್ದಾನೆಂದಿಟ್ಟುಕೊಂಡರೆ ಉತ್ತರ ಸ್ಪಷ್ಟವಾಗುತ್ತದೆ. ಅವನ ಕಾರಿನದು 1.9 ಲೀಟರಿನ ಎಂಜಿನ್. ಹೊಸದಾಗಿದ್ದಾಗ 130 ಅಶ್ವಶಕ್ತಿ. ಅವನು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಹಿಡಿದು ಟ್ಯೂನರನ ಬಳಿಗೆ ಹೋಗುತ್ತಾನೆ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆದರೆ, 130 ಎಲ್ಲಿಯೂ ಕಾಣುವುದಿಲ್ಲ. ಸವೆದ ಉಂಗುರಗಳು, ಸೋರುವ ಕವಾಟಗಳು, ಕ್ರಮ ತಪ್ಪಿದ ಕಿಡಿ, ಹೊಲಸು ಕಟ್ಟಿದ ಕೊಳವೆ, ಇವೆಲ್ಲ ಸೇರಿ ವರ್ಷಾನುವರ್ಷ ಒಂದೊಂದೇ ಕುದುರೆಯನ್ನು ಲಾಯದಿಂದ ಬಿಡಿಸಿಕೊಂಡು ಹೋಗಿವೆ. ದುರಾಸೆಯ ಟ್ಯೂನರನಾದರೆ ಇದನ್ನು ಮುಚ್ಚಿಟ್ಟು ಥಳಥಳಿಸುವ ಕೊಳವೆಯೊಂದನ್ನು ಮಾರಿಯಾನು. ಹೊಸ ಸದ್ದನ್ನೇ ಹೊಸ ಶಕ್ತಿಯೆಂದು ಗಿರಾಕಿ ನಂಬಿಯಾನು. ಪ್ರಾಮಾಣಿಕನಾದವನು ಹೇಳುವ ಮಾತು ಬೇರೆ: ಮೊದಲು ಆರೋಗ್ಯ, ಆಮೇಲೆ ಕಸರತ್ತು. ಕಳೆದುಕೊಂಡದ್ದನ್ನು ಮರಳಿ ಪಡೆಯುವುದು, ಇಲ್ಲದ್ದನ್ನು ಸಂಪಾದಿಸುವುದಕ್ಕಿಂತ ಅಗ್ಗ.

ಪ್ರಾಮಾಣಿಕನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಬ್ರೇಕುಗಳ ಸ್ಥಿತಿ ಹೇಗಿದೆ? ಈ ಪೂಜೋ ಕಾರು ತಿರುವಿನ ನಡುವೆ ಚಾಲಕ ಗಾಬರಿಯಿಂದ ಕಾಲನ್ನೆತ್ತಿದರೆ ಹಿಂಭಾಗವನ್ನು ಬೀಸಿಬಿಡುವುದಕ್ಕೆ ಪ್ರಸಿದ್ಧ. ಅಲ್ಲಿಯ ಟೈರು, ಬ್ರೇಕು, ತೂಗುಕಟ್ಟುಗಳನ್ನು ಮರೆತು ಎಂಜಿನ್ನನ್ನಷ್ಟೇ ಬಲಪಡಿಸುವುದೆಂದರೆ ಕಡಿವಾಣವಿಲ್ಲದ ಕುದುರೆಗೆ ಹುರುಳಿ ತಿನ್ನಿಸಿದಂತೆ. ಮಾಡಿದ ಬದಲಾವಣೆಯನ್ನು ವಿಮೆಯವರಿಗೆ ತಿಳಿಸದಿದ್ದರೆ, ಅಪಘಾತದ ದಿನ ಪರಿಹಾರವೂ ಕೈತಪ್ಪಬಹುದು. ಗೃಹಸ್ಥನು ಈ ಮಾತುಗಳನ್ನು ಕೇಳುವಾಗ ಹಿಂದಿನ ಆಸನವನ್ನೊಮ್ಮೆ ನೋಡುತ್ತಾನೆ. ಅಲ್ಲಿ ಮಗುವಿನ ಪಟ್ಟಿ ಬಿಗಿದ ಕುರ್ಚಿ ಇದೆ. ಶಕ್ತಿಯ ಪ್ರಶ್ನೆಗೆ ನಿಜವಾದ ತೂಕ ಬರುವುದು ಆ ಘಳಿಗೆಯಲ್ಲಿ. ಪಂದ್ಯಗಾರನು ಪಣಕ್ಕಿಡುವುದು ತನ್ನ ಪ್ರಾಣವನ್ನು. ಸಂಸಾರದ ಕಾರಿನವನಿಗೆ ಅಷ್ಟು ಸ್ವಾತಂತ್ರ್ಯವಿಲ್ಲ. ಕೂಡಿಟ್ಟ ಹಣದ ಮೊದಲ ಪಾಲು ಬ್ರೇಕಿಗೂ ಟೈರಿಗೂ ಹೋದರೆ ಅವನು ಬುದ್ಧಿವಂತ. ಹಾಗೆ ಹೋಯಿತೆಂದು ಅವನಿಗೆ ಬೇಸರವೂ ಆಗದಿದ್ದರೆ ಅವನು ಭಾಗ್ಯವಂತ.

ಇತ್ತ ಕಾಲವೂ ಬದಲಾಗಿದೆ. ಗಾಲ್ಫ್ ಜಿಟಿಐ 2004ರ ಐದನೆಯ ಪೀಳಿಗೆಯಿಂದ ಪೂರ್ತಿಯಾಗಿ, ರೆನೋ ಕ್ಲಿಯೋದ ಪಂದ್ಯಸದೃಶ ರೂಪ 2013ರಿಂದ, ಸಿವಿಕ್ ಟೈಪ್ ಆರ್ 2015ರಿಂದ ಟರ್ಬೋ ಯಂತ್ರಕ್ಕೆ ಶರಣಾದವು. ಇಂಧನದ ಮಿತವ್ಯಯ, ಹೊಗೆಯ ಮೇಲಣ ಕಟ್ಟಳೆ, ಎರಡೂ ಇದಕ್ಕೆ ಕಾರಣ. ಟರ್ಬೋ ಎಂಜಿನ್ನಿಗೆ ಗಣಕದಲ್ಲಿ ಅಂಕೆಗಳನ್ನು ತಿದ್ದಿದರೆ ಗಂಟೆಯೊಳಗೆ ಹತ್ತಾರು ಅಶ್ವಶಕ್ತಿ ಹೆಚ್ಚುವುದುಂಟು. ಸಹಜ ಉಸಿರಿನ ಎಂಜಿನ್ನಿಗೆ ಅದೇ ಉಪಚಾರ ಮಾಡಿದರೆ ದೊರೆಯುವುದು ಬೆರಳೆಣಿಕೆಯಷ್ಟು. ಲಾಭನಷ್ಟದ ದೃಷ್ಟಿಯಿಂದ ನೋಡಿದರೆ ಹಳೆಯ ವಿದ್ಯೆಯಲ್ಲಿ ತೊಡಗುವುದು ಹುಚ್ಚೇ ಸರಿ.

ಆದರೂ ಆ ಹುಚ್ಚು ಹಿಡಿದವರು ಇಂದಿಗೂ ಇದ್ದಾರೆ. ತಿಂಗಳುಗಟ್ಟಲೆ ದುಡಿದು, ಹತ್ತು ಅಶ್ವಶಕ್ತಿಯನ್ನು ಗಳಿಸಿ, ಹಬ್ಬ ಆಚರಿಸುತ್ತಾರೆ. ಎರವಲಿನ ಒತ್ತಡವಿಲ್ಲದೆ, ಎಲ್ಲರಿಗೂ ಸಮನಾಗಿ ಹಂಚಿರುವ ಗಾಳಿಯಲ್ಲೇ ತಮ್ಮ ಪಾಲನ್ನು ಪೋಲಾಗದಂತೆ ಬಳಸಿಕೊಂಡೆವೆಂಬ ಸಮಾಧಾನ ಅವರದು. ತಿಂಗಳ ಸಂಬಳ ಹೆಚ್ಚದಿದ್ದರೂ ಸೋರುವಿಕೆಯನ್ನು ತಡೆದು ಮನೆಯನ್ನು ತೂಗಿಸುವ ಗೃಹಿಣಿಯರಿಗೆ ಈ ಸಮಾಧಾನದ ರುಚಿಯನ್ನು ಬೇರೆ ವಿವರಿಸಬೇಕಾಗಿಲ್ಲ.