ಹಿತ್ತಿಲ ಜಗುಲಿ

ಮನೆಯ ಬೇರೆಲ್ಲ ಭಾಗಗಳಿಗಿಂತ ಹೆಚ್ಚಾಗಿ ಬಿಸಿಲುಮಳೆಗಳನ್ನು ಸಹಿಸುವುದು ಜಗುಲಿ. ಎಲ್ಲಕ್ಕಿಂತ ಕಡಮೆ ಆರೈಕೆ ಪಡೆಯುವುದೂ ಜಗುಲಿಯೇ. ಅಮರಕೋಶದಲ್ಲಿ ಹೊರಬಾಗಿಲಿನೆಡೆಯ ಜಗುಲಿಗೆ ‘ಅಲಿಂದ’ವೆಂಬ ಹೆಸರುಂಟು. ನಮ್ಮ ಅಲಿಂದವು ಬೀದಿಯ ಕಡೆಗೆ ಮುಖಮಾಡಿ ದಾರಿಹೋಕರನ್ನು ಕರೆಯುವುದು. ಅಮೆರಿಕದವರದು ಹಿತ್ತಿಲಿನ ಕಡೆಗೆ ತಿರುಗಿರುವುದು. ಕಂಬಗಳನ್ನು ನೆಟ್ಟು, ತೊಲೆಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಸುತ್ತ ಕಟಕಟೆ ಕಟ್ಟಿ ಅದನ್ನು ‘ಡೆಕ್’ ಎಂದು ಕರೆಯುವರು. ಬೇಸಗೆ ಬಂದಿತೆಂದರೆ ಊಟ, ಮಾತುಕತೆ, ಮಕ್ಕಳ ಆಟ ಎಲ್ಲವೂ ಅಲ್ಲಿಯೇ.

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನೂ ನನ್ನ ಮನೆಯವರೂ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆವು. ಆ ಮನೆ 1998ರಲ್ಲಿ ಕಟ್ಟಿದುದು. ಅದರ ಡೆಕ್ ನೆಲದಿಂದ ಒಂಬತ್ತು ಅಡಿ ಎತ್ತರದಲ್ಲಿತ್ತು. ಹಲಗೆಗಳು ಸೀಳಿ, ಮೊಳೆಗಳು ತಲೆಯೆತ್ತಿದ್ದುವು; ಬರಿಗಾಲಿನಲ್ಲಿ ಓಡುವ ಮೊಮ್ಮಗನ ಅಂಗಾಲಿಗೆ ಎರಡು ಸಲ ಸಿಬಿರು ಹೊಕ್ಕಿತು. ಜ್ಯೇಷ್ಠಮಾಸದಲ್ಲಿ ಅವನ ಉಪನಯನ ನಿಶ್ಚಯವಾಗಿತ್ತು. ನಲವತ್ತು ಜನ ನೆಂಟರಿಷ್ಟರು ಆ ಡೆಕ್ಕಿನ ಮೇಲೆಯೇ ಸೇರತಕ್ಕವರು. ಆದಕಾರಣ ಅದನ್ನು ಹೊಸದು ಮಾಡಬೇಕೆಂಬ ಮಾತು ಹುಟ್ಟಿತು.

ಮಗಳಿಗೂ ಅಳಿಯಂದಿರಿಗೂ ಇಷ್ಟವಾದುದು ಮಿಶ್ರದ ಹಲಗೆ. ಮರದ ಪುಡಿಯನ್ನೂ, ಅಂಗಡಿಯ ಚೀಲ ಮುಂತಾದ ಹಳೆಯ ಪ್ಲಾಸ್ಟಿಕ್ಕನ್ನೂ ಕಾಯಿಸಿ, ಬೆರಸಿ, ಅಚ್ಚಿನಿಂದ ಹೊರಡಿಸಿದ ಹಲಗೆ ಇದು. ವ್ಯಾಕರಣ ಹೇಳಿಕೊಟ್ಟು ಬದುಕಿದವನಿಗೆ ಇದು ಸಮಾಸದಂತೆ ಕಂಡರೆ ಆಶ್ಚರ್ಯವಿಲ್ಲ. ದ್ವಂದ್ವಸಮಾಸದಲ್ಲಿ ಎರಡು ಪದಗಳೂ ತಮ್ಮ ತಮ್ಮ ಅರ್ಥವನ್ನು ಬಿಡುವುದಿಲ್ಲವಷ್ಟೆ. 1990ರ ದಶಕದಲ್ಲಿ ಬಳಕೆಗೆ ಬಂದ ಮೊದಲಿನ ಹಲಗೆಗಳು ಆ ಜಾತಿಯವು: ಪ್ಲಾಸ್ಟಿಕ್ಕಿನ ಅಂಶ ಬಿಸಿಲಿಗೆ ಹಿಗ್ಗಿತು, ಮರದ ಅಂಶ ನೀರು ಕುಡಿದು ಬೂಷ್ಟು ಹಿಡಿಯಿತು, ಬಣ್ಣವೂ ಮಾಸಿತು. ಅನಂತರ ಬಂದವುಗಳಿಗೆ ಗಟ್ಟಿ ಪ್ಲಾಸ್ಟಿಕ್ಕಿನ ತೆಳು ಕವಚವನ್ನು ತೊಡಿಸಿದರು. ಕೊಳ್ಳುವವರು ಮೊದಲು ನೋಡತಕ್ಕುದು ಈ ಕವಚವನ್ನೇ. ಅದು ಮೇಲ್ಮೈಗೂ ಎರಡು ಅಂಚುಗಳಿಗೂ ಮಾತ್ರ ಉಂಟೋ, ಅಡಿಗೂ ಉಂಟೋ ಎಂದು ಕೇಳಬೇಕು. ನೆಲಕ್ಕೆ ತಗ್ಗಾಗಿಯೂ ತೇವವಾಗಿಯೂ ಇರುವ ಕಡೆ ನಾಲ್ಕು ಕಡೆಯೂ ಕವಚವಿರುವುದು ಲೇಸು.

ಬೆಲೆಯೇನೋ ಮದ್ದು ತುಂಬಿದ ಮರದ ಎರಡರಷ್ಟು, ಕೆಲವು ವೇಳೆ ಅದಕ್ಕೂ ಮೇಲೆ. ಆದರೆ ಸಿಬಿರೇಳುವುದಿಲ್ಲ, ಬಣ್ಣ ಬಳಿಯಬೇಕಾದುದಿಲ್ಲ. ಬಿಸಿಲಿನಲ್ಲಿ ಮಾತ್ರ ಇದು ಮರಕ್ಕಿಂತ ಹೆಚ್ಚು ಕಾಯುವುದುಂಟು. ಮೂರು ಮಾದರಿ ತುಂಡುಗಳನ್ನು ತರಿಸಿ ಮಧ್ಯಾಹ್ನದ ಬಿಸಿಲಿನಲ್ಲಿಟ್ಟೆವು. ನನ್ನ ಮನೆಯವರು ಬರಿಗಾಲಿನಿಂದ ಮೆಟ್ಟಿ ನೋಡಿದರು. ಕಾಫಿಬಣ್ಣದ್ದು ಒಲೆಯ ಮೇಲಿನ ಕಾವಲಿಯಂತಿತ್ತು, ಬೂದಿಬಣ್ಣದ್ದು ಸಹ್ಯವಾಗಿತ್ತು. ಅದರ ಮೇಲೆ ನೀರು ಸುರಿದು ಜಾರುವುದೋ ಇಲ್ಲವೋ ಎಂದೂ ನೋಡಿದರು. ಅಂಗಡಿಯವರ ಚಿತ್ರಪುಸ್ತಕದಲ್ಲಿ ಸಿಕ್ಕದ ತಿಳಿವಳಿಕೆ ಅವರ ಅಂಗಾಲಿನಿಂದ ಸಿಕ್ಕಿತು.

ಇನ್ನು ಮುಖ್ಯವಾದ ವಿಷಯ. ಮಿಶ್ರದ ಹಲಗೆ ಹಾಸುವುದಕ್ಕೆ ಯೋಗ್ಯವೇ ಹೊರತು ಭಾರ ಹೊರುವುದಕ್ಕಲ್ಲ. ಕಂಬ ತೊಲೆಗಳು ಸಾಧಾರಣವಾಗಿ ಮರದವೇ ಆಗಿರುವುವು. ತೊಲೆಯ ನಡುವಿನಿಂದ ತೊಲೆಯ ನಡುವಿಗೆ 16 ಅಂಗುಲಕ್ಕೆ ಮೀರಬಾರದು. ಹಲಗೆಯನ್ನು ಓರೆಯಾಗಿ ಹಾಸುವುದಾದರೆ 12 ಅಂಗುಲ. ಮೇಲಾಗಿ ಈ ಹಲಗೆ ಹಳೆಯ ಪೈನ್ ಹಲಗೆಗಿಂತ ತೂಕ.

“ಮಾವ, ಕೆಳಗಿನ ಮರವನ್ನು ಯಾರು ನೋಡುತ್ತಾರೆ? ಹಲಗೆ ಮಾತ್ರ ಬದಲಾಯಿಸಿದರೆ ಉಪನಯನದ ಹೊತ್ತಿಗೆ ಸಿದ್ಧವಾಗುತ್ತದೆ” ಎಂದರು ಅಳಿಯಂದಿರು. ಕೈಯಲ್ಲಿದ್ದ ಹಣಕ್ಕೆ ಅದೇ ಸರಿಯಾಗಿಯೂ ಇದ್ದಿತು. ಬಂದ ಬಡಗಿ ಮಾತನಾಡಲಿಲ್ಲ. ಡೆಕ್ಕನ್ನು ಮನೆಯ ಗೋಡೆಗೆ ಬಿಗಿದಿದ್ದ ಉದ್ದನೆಯ ಮರಕ್ಕೆ ತಿರುಪುಳಿಯ ಮೊನೆಯನ್ನು ಒತ್ತಿದನು. ಅದು ಬೆಣ್ಣೆಗೆ ಹೊಕ್ಕಂತೆ ಎರಡು ಅಂಗುಲ ಹೊಕ್ಕಿತು. ಗೋಡೆಗೂ ಮರಕ್ಕೂ ನಡುವೆ ಮಳೆಯ ನೀರನ್ನು ಹೊರಗೆ ಹಾಯಿಸುವ ತಗಡನ್ನು ಹಿಂದೆ ಕಟ್ಟಿದವರು ಹಾಕಿರಲಿಲ್ಲ. ಡೆಕ್ಕುಗಳು ಕುಸಿಯುವಾಗ ಅನೇಕವೇಳೆ ಗೋಡೆಯ ಈ ಸಂಧಿಯೇ ಮೊದಲು ಬಿಡುವುದು. 2015ರ ಜೂನ್ 16ರಂದು ಕ್ಯಾಲಿಫೋರ್ನಿಯದ ಬರ್ಕ್ಲಿ ಪಟ್ಟಣದಲ್ಲಿ ಮಹಡಿಯ ಬಾಲ್ಕನಿಯೊಂದು ಮುರಿದು ಆರು ಮಂದಿ ತರುಣತರುಣಿಯರು ಪ್ರಾಣ ಬಿಟ್ಟರು. ಅಲ್ಲಿಯೂ ನೀರು ಸೇರಿ ಕುಂಬಾದ ತೊಲೆಗಳೇ ಕಾರಣ.

ಮಗಳು ಆ ರಾತ್ರಿ ಗಂಡನಿಗೆ ಹೇಳಿದುದಿಷ್ಟೆ: “ಚಿಕ್ಕದಾದರೂ ಆಗಲಿ, ಗಟ್ಟಿಯಾದುದಾಗಲಿ.” ಅಳಿಯಂದಿರು ಮರುಮಾತನಾಡಲಿಲ್ಲ. ಇಪ್ಪತ್ತು ಅಡಿಯ ಡೆಕ್ ಹದಿನಾಲ್ಕು ಅಡಿಗೆ ಇಳಿಯಿತು. ಉಳಿದ ಹಣ ಹೊಸ ತೊಲೆಗಳಿಗೆ ಸಂದಿತು. ತೊಲೆಗಳಿಗೆ ತುಂಬುವ ಈಗಿನ ಮದ್ದಿನಲ್ಲಿ ತಾಮ್ರ ಹೆಚ್ಚಾದ್ದರಿಂದ ಸಾಧಾರಣ ಮೊಳೆ ಬೇಗ ತುಕ್ಕುಹಿಡಿಯುವುದು. ಸತುವಿನ ದಪ್ಪ ಲೇಪವಿರುವ ಅಥವಾ ಸ್ಟೇನ್‌ಲೆಸ್ ಉಕ್ಕಿನ ತಿರುಪುಮೊಳೆಗಳೇ ಬೇಕು. ಕಟಕಟೆ 36 ಅಂಗುಲಕ್ಕೆ ಕಡಮೆಯಿರದಂತೆಯೂ, ಅದರ ಕಡ್ಡಿಗಳ ನಡುವೆ 4 ಅಂಗುಲದ ಚೆಂಡು ತೂರದಂತೆಯೂ ಕಟ್ಟಿಸಿದರು. ಹಸುಗೂಸಿನ ತಲೆ ಸಿಕ್ಕಿಕೊಳ್ಳಬಾರದೆಂಬುದು ಆ ಅಳತೆಯ ಅಭಿಪ್ರಾಯ. ಹಳೆಯ ಮರವನ್ನು ಸುಡಗೊಡಲಿಲ್ಲ. ಅಂದಿನ ಮದ್ದಿನಲ್ಲಿ ತಾಮ್ರ ಕ್ರೋಮಿಯಮ್ಮುಗಳೊಡನೆ ಆರ್ಸೆನಿಕ್ ಎಂಬ ಪಾಷಾಣವೂ ಇರುತ್ತಿದ್ದಿತು. ಮನೆಗಳ ಉಪಯೋಗಕ್ಕೆ ಅಂಥ ಮರವನ್ನು ಸಿದ್ಧಪಡಿಸುವುದು 2003ರ ಕೊನೆಗೆ ನಿಂತಿತು. ಅದರ ಹೊಗೆಯೂ ಬೂದಿಯೂ ವಿಷವೇ.

ಇಷ್ಟೆಲ್ಲ ಆಗುವಾಗ ಮುಹೂರ್ತ ಕಾಯಲಿಲ್ಲ. ವಟುವಿನ ಉಪನಯನ ಮನೆಯೊಳಗೆ ನಡೆಯಿತು. ಊಟಕ್ಕೆ ಕೆಳಗಿನ ಹುಲ್ಲಿನ ಮೇಲೆ ಚಾಪೆ ಹಾಸಿದೆವು. ಬಂದವರಾರೂ ಕೊರತೆಯೆನ್ನಲಿಲ್ಲ. ಹೊಸ ಡೆಕ್ ಮುಗಿದುದು ಮೂರು ವಾರಗಳ ಮೇಲೆ.

ಇನ್ನು ಆರೈಕೆ. ಹಲಗೆಗಳ ನಡುವೆ ಬಿಟ್ಟ ಸಂದು ಅವು ಹಿಗ್ಗುವುದಕ್ಕೂ ನೀರಿಳಿಯುವುದಕ್ಕೂ ಇರುವುದು. ಎಲೆ ಕಸ ಅಲ್ಲಿ ಕೂಡಿದರೆ ತೇವ ನಿಂತು ಬೂಷ್ಟು ಹುಟ್ಟುವುದು. ಕವಚ ಕೊಳೆಯದು, ನಿಜ. ಅದರ ಮೇಲೆ ಬಿದ್ದ ಧೂಳು ಪರಾಗಗಳೇ ಬೂಷ್ಟಿಗೆ ಆಹಾರ. ವಸಂತದಲ್ಲೊಮ್ಮೆ, ಎಲೆಯುದುರಿದ ಮೇಲೊಮ್ಮೆ ಸಾಬೂನಿನ ನೀರು ಹಾಕಿ ಮೆತ್ತನೆಯ ಕುಂಚದಿಂದ ಉಜ್ಜಿ ತೊಳೆದರೆ ಸಾಕು. ತಂತಿಯ ಕುಂಚ ಕೂಡದು; ಉಜ್ಜುಕಾಗದವೂ ಕೂಡದು. ಹಿಮವನ್ನು ಪ್ಲಾಸ್ಟಿಕ್ ಸಲಿಕೆಯಿಂದಲೇ ಎತ್ತಬೇಕು. ರಬ್ಬರಿನ ಅಡಿಯುಳ್ಳ ಹಾಸು ಕಲೆ ಮಾಡುವುದು. ಎಣ್ಣೆ ಚೆಲ್ಲಿದರೆ ಆಗಲೇ ಒರಸತಕ್ಕುದು. ಕೆಂಡದ ಒಲೆಯನ್ನು ದೂರವಿಡಬೇಕು. ಕೆಲವು ಕಿಟಕಿಗಾಜುಗಳಿಂದ ಪ್ರತಿಫಲಿಸಿದ ಬಿಸಿಲು ಕೂಡ ಈ ಹಲಗೆಯನ್ನು ಸೊಟ್ಟಗೆ ಮಾಡಬಲ್ಲುದು.

ಈಗ ಬೆಂಗಳೂರಿನಲ್ಲಿಯೂ ಮಾಳಿಗೆ ಮೊಗಸಾಲೆಗಳಿಗೆ ಈ ಹಲಗೆ ಹಾಸುವುದುಂಟು. ಮಾರುವವರು ಇಪ್ಪತ್ತೈದು ವರ್ಷದ ಭರವಸೆಯನ್ನು ಬರೆದುಕೊಡುವರು. ವಾಚಕರು ಆ ಕಾಗದವನ್ನು ಕೊನೆಯವರೆಗೂ ಓದಬೇಕು: ಭರವಸೆ ಹಲಗೆಗೆ, ಅದರ ಅಡಿಯ ತೊಲೆಗಲ್ಲ. ವರ್ಷಕ್ಕೊಂದು ದಿನ ದೀಪ ಹಿಡಿದು ಬಗ್ಗಿ, ಗೋಡೆಯ ಸಂಧಿಯನ್ನೂ, ಬೋಲ್ಟುಗಳನ್ನೂ, ಕಂಬದ ಬುಡವನ್ನೂ ತಟ್ಟಿ ಒತ್ತಿ ನೋಡುವ ಕೆಲಸ ಗೃಹಸ್ಥನದೇ. ಮೊಮ್ಮಗನಿಗೆ ಸಂಧ್ಯಾವಂದನೆಯೊಡನೆ ಇದನ್ನೂ ಕಲಿಸಿ ಬಂದಿದ್ದೇನೆ.