ಪುಡವೆಯೂ ಧಾರೆ ಸೀರೆಯೂ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮದುಮಗಳಿಗೆ ಧಾರೆ ಸೀರೆ. ಮಲಯಾಳಿ ಮನೆಗಳಲ್ಲಿ ಪುಡವೆ. ಹಿಂದೆ ಅಲ್ಲಿನ ಹಲವು ಮನೆತನಗಳಲ್ಲಿ ವರನು ವಧುವಿಗೆ ಬಟ್ಟೆ ಕೊಟ್ಟರೆ ಮದುವೆ ಆದಂತೆಯೇ; 'ಪುಡಮುರಿ' ಎಂಬ ಹೆಸರು ಅದಕ್ಕೇ.

ತಂಗಿಯ ಮಗಳು ಪಯ್ಯನ್ನೂರಿನ ಹುಡುಗನನ್ನು ಒಪ್ಪಿದಾಗ ಈ ಎರಡು ಬಟ್ಟೆಗಳ ಚರ್ಚೆ ನಮ್ಮ ಜಗಲಿಗೂ ಬಂತು. ಅವರು ಬಯಸಿದ್ದು ಕಸವಿನ ಅಂಚಿನ ಕೈಮಗ್ಗದ ಹತ್ತಿ ಸೀರೆ: ಬಿಳುಪು ಮಾಡದ ನೂಲಿನ ಕೆನೆಬಣ್ಣ, ಅಂಚಿಗೆ ಜರಿ.

"ಮದುಮಗಳಿಗೆ ಬಿಳಿಯೇ? ಕೆಂಪು ಪಟ್ಟೆ ಸೀರೆ ತನ್ನಿ" ಎಂದರು ದೊಡ್ಡಮ್ಮ.

ಬಣ್ಣಕ್ಕೆ ಶುಭಾಶುಭ ಅಂಟುವುದು ಉಡಿಸುವವರಿಂದಲೇ ಎಂದು ನನ್ನ ನಂಬಿಕೆ. ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರಿಗೆ ಒಂದು ಕಾಲದಲ್ಲಿ ಉಡಿಸುತ್ತಿದ್ದುದು ಕೆಂಪನ್ನೇ. ಆದರೆ ಅದನ್ನು ದೊಡ್ಡಮ್ಮನ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಮೂವತ್ತರಲ್ಲೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ಮಾಸಲು ಬಿಳಿಯನ್ನೇ ಉಟ್ಟವರು ಅವರು.

ಹುಡುಗಿ ಬಣ್ಣ ನೋಡಲಿಲ್ಲ, ಬಟ್ಟೆ ನೋಡಿದಳು. ಮದುವೆ ಮೇ ತಿಂಗಳಲ್ಲಿ. ಹತ್ತಿ ಬೆವರು ಹೀರುತ್ತದೆ, ಆದರೆ ಕುಳಿತೆದ್ದರೆ ಸುಕ್ಕು. ರೇಷ್ಮೆಗೆ ನೆರಿಗೆ ಚೆನ್ನ, ಬೆವರಿನ ಕಲೆ ಬಿಡದು. ಹಗಲಿನ ಮುಹೂರ್ತಕ್ಕೆ ಹತ್ತಿ, ಸಂಜೆಯ ಔತಣಕ್ಕೆ ಪಟ್ಟೆ ಎಂದು ತೀರ್ಮಾನಿಸಿದಳು.

ಕಸವಿನ ಸೀರೆ ಉಡಿಸಲು ಅವಳು ಕರೆದದ್ದು ದೊಡ್ಡಮ್ಮನನ್ನೇ. ಶುಭಕಾರ್ಯದಲ್ಲಿ ಹಿಂದಿನ ಸಾಲಲ್ಲೇ ನಿಂತು ಅಭ್ಯಾಸವಾಗಿದ್ದ ಅವರು ಬಾಗಿಲಲ್ಲಿ ತುಸು ತಡೆದು, ಒಳಗೆ ಹೋದರು. ನೆರಿಗೆ ಹಿಡಿದವರು ಯಾವ ಮಾತನ್ನೂ ಆಡಲಿಲ್ಲ. ಗಂಜಿ ಹಾಕಿದ ಬಟ್ಟೆಯ ಸದ್ದು ಮಾತ್ರ ನಮಗೆ ಕೇಳಿಸುತ್ತಿತ್ತು.